ಇಷ್ಟಾದ್ರೂ ಹೊಟ್ಟೆಗೆ ಹೋಗ್ಲಿ

ಹೋದ ತಿಂಗಳು ಅಮ್ಮನಿಗೆ ಉರಿಮೂತ್ರ ಶುರುವಾಯಿತು. ಎರಡು ಸಲ ಬೇರೆ ಬೇರೆ ಮಾತ್ರೆ ತಗೊಂಡರೂ ನಿಲ್ಲಲಿಲ್ಲ. ಕೊನೆಗೆ ಡಾಕ್ಟರ್ ಮೂತ್ರದ ಕಲ್ಚರ್, ಅಂದರೆ ಅದರಲ್ಲಿರೋ ಕ್ರಿಮಿ ಬೆಳೆಸಿ ನೋಡೋ ಪರೀಕ್ಷೆ, ಮಾಡಿಸಿ ಅಂದರು. ತುಮಕೂರಿನ ಒಂದು ಲ್ಯಾಬಿಗೆ ಕೊಟ್ಟು, ಮೂರು ದಿನ ಬಿಟ್ಟು ಹೋಗಿ ರಿಪೋರ್ಟ್ ತಗೊಂಡೆ. ಕ್ರಿಮಿಯ ಹೆಸರು ಇ. ಕೋಲೈ. ಅದರ ಕೆಳಗೆ ಆಂಟಿಬಯೋಟಿಕ್‌ಗಳ ಉದ್ದ ಪಟ್ಟಿ, ಒಂದೊಂದರ ಮುಂದೆಯೂ ಒಂದು ಇಂಗ್ಲಿಷ್ ಅಕ್ಷರ. ಎಸ್ ಅಂತಿದ್ದರೆ ಆ ಔಷಧಿಗೆ ಕ್ರಿಮಿ ಬಗ್ಗುತ್ತದೆ, ಆರ್ ಅಂತಿದ್ದರೆ ಬಗ್ಗುವುದಿಲ್ಲ. ಆಂಪಿಸಿಲಿನ್ ಆರ್. ಕೋಟ್ರೈಮಾಕ್ಸಜೋಲ್ ಆರ್. ಸಿಪ್ರೋಫ್ಲಾಕ್ಸಾಸಿನ್ ಆರ್. ಹೀಗೆ ಸಾಲಾಗಿ ಆರ್, ಆರ್, ಆರ್. ನೈಟ್ರೋಫ್ಯುರಾಂಟಾಯಿನ್ ಅನ್ನೋದರ ಮುಂದೆ ಒಂದು ಎಸ್ ಇತ್ತು. ಆಮೇಲೆ ಸೂಜಿಯಲ್ಲೇ ಕೊಡಬೇಕಾದ ಎರಡು ಮೂರು ದೊಡ್ಡ ಔಷಧಿಗಳ ಮುಂದೆ.

ಲ್ಯಾಬಿನ ಹೊರಗೆ ಬೈಕಿನ ಮೇಲೆ ಕೂತು ಅದನ್ನು ಮೇಲಿಂದ ಕೆಳಗೆ ಎರಡು ಸಲ ಓದಿದೆ. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಹಳೇ ಪರಿಚಯದವರನ್ನು ಎಲ್ಲೋ ಕಂಡ ಹಾಗಿನ ಕಸಿವಿಸಿ. ಆರ್ ಅಂತ ಬಿದ್ದಿದ್ದ ಹೆಸರುಗಳಲ್ಲಿ ಮುಕ್ಕಾಲು ಪಾಲು ನನಗೆ ಗೊತ್ತು. ಯಾವುದು ಯಾವ ಗೂಡಿನಲ್ಲಿ ಇರುತ್ತಿತ್ತು, ಯಾವುದರ ಶೀಟು ಕತ್ತರಿಗೆ ಸಲೀಸಾಗಿ ಬರುತ್ತಿತ್ತು, ಯಾವುದು ಸಿಕ್ಕಿಕೊಳ್ಳುತ್ತಿತ್ತು ಅಂತ ಕೈಗೆ ಈಗಲೂ ನೆನಪಿದೆ.

ಕತ್ತರಿ

1997ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಮನೆಯಲ್ಲಿ ಸುಮ್ನೆ ಕೂರೋದು ಬೇಡ ಅಂತ ಅಪ್ಪ ನನ್ನನ್ನು ಮಧುಗಿರಿಗೆ, ಚಿಕ್ಕಪ್ಪನ ಮೆಡಿಕಲ್ ಸ್ಟೋರಿಗೆ ಕಳಿಸಿದರು. ಎರಡು ತಿಂಗಳು ಅಂತ ಹೋದವನು ಪಿಯುಸಿಯ ಎರಡೂ ರಜೆಗೂ ಅಲ್ಲೇ ಇದ್ದೆ. ಮಿಡಿಗೇಶಿ, ಪುರವರ, ಕೊಡಿಗೇನಹಳ್ಳಿ ಕಡೆಯ ಜನ ಬಸ್ಸಿಳಿದು ಆಸ್ಪತ್ರೆ ಮುಗಿಸಿ ನಮ್ಮ ಅಂಗಡಿಗೆ ಬರೋರು. ನನಗೆ ಸಿಕ್ಕ ಕೆಲಸ ಕತ್ತರಿಯದು. ಕಪ್ಪು ಹಿಡಿಯ ದೊಡ್ಡ ಕತ್ತರಿ, ಟೈಲರ್ ಅಂಗಡಿಯಲ್ಲಿ ಇರೋ ಅಂಥದ್ದು. ಅದಕ್ಕೊಂದು ಹುರಿ ಕಟ್ಟಿ ಗಲ್ಲಾಪೆಟ್ಟಿಗೆಯ ಮೊಳೆಗೆ ನೇತುಹಾಕಿದ್ದರು. ಹತ್ತು ಮಾತ್ರೆಯ ಶೀಟು ಪೂರ್ತಿ ಮಾರಿದ ದಿನಗಳು ಕಮ್ಮಿ. ನಾಲ್ಕು, ಆರು, ಎರಡು. ಕತ್ತರಿಸುವಾಗ ಹೆಸರು ಒಬ್ಬರಿಗೆ ಹೋಗುತ್ತಿತ್ತು, ಎಕ್ಸ್‌ಪೈರಿ ಡೇಟು ಇನ್ನೊಬ್ಬರಿಗೆ. ಮಧ್ಯದ ತುಂಡು ಸಿಕ್ಕವರಿಗೆ ಎರಡೂ ಇಲ್ಲ.

ಒಬ್ಬರು ತಾತ ನೆನಪಾಗುತ್ತಾರೆ. ಹೆಗಲ ಮೇಲೆ ಟವೆಲ್ಲು, ಮಾತಿಗೊಮ್ಮೆ ಗೊರಗೊರ ಕೆಮ್ಮು. ಚೀಟಿಯಲ್ಲಿ ಅಮಾಕ್ಸಿಸಿಲಿನ್, ದಿನಕ್ಕೆ ಮೂರೊತ್ತು, ಐದು ದಿನಕ್ಕೆ ಅಂತ ಬರೆದಿತ್ತು. ಹದಿನೈದು ಕ್ಯಾಪ್ಸೂಲು. ಚಿಕ್ಕಪ್ಪ ಲೆಕ್ಕ ಹಾಕಿ ಹೇಳಿದ ಮೇಲೆ ತಾತ ಪಟ್ಟಾಪಟ್ಟಿ ಚಡ್ಡಿಯ ಜೇಬಿಂದ ಪ್ಲಾಸ್ಟಿಕ್ ಕವರು ತೆಗೆದರು. ಬಸ್ ಚಾರ್ಜನ್ನು ಒಂದು ಕಡೆ ಎತ್ತಿಟ್ಟರು. ಉಳಿದದ್ದನ್ನು ಗಾಜಿನ ಮೇಲೆ ಹರಡಿದರು. "ಇಷ್ಟುಕ್ಕೆ ಎಷ್ಟ್ ಬತ್ತದೋ ಅಷ್ಟ್ ಕೊಡಪ್ಪ. ಸರಿಹೋಗ್ಲಿಲ್ಲ ಅಂದ್ರೆ ಆಮೇಲ್ ನೋಡಾನ." ಆರು ಬಂತು. ಚಿಕ್ಕಪ್ಪ ಕಕ್ಕುಲಾತಿಯಿಂದಲೇ ದಾರಿ ಹೇಳಿಕೊಟ್ಟರು. "ಮೂರೊತ್ತು ಬೇಡ ತಾತ, ಬೆಳಿಗ್ಗೆ ಒಂದು ರಾತ್ರಿ ಒಂದು ತಗೊ. ಮೂರು ದಿನ ಬರುತ್ತೆ." ತಾತ ಹೋದ ಮೇಲೆ ನಾನು, ಇದು ಸಾಕಾಗುತ್ತಾ ಅಂತ ಕೇಳಿದೆ. ಚಿಕ್ಕಪ್ಪ ಅವತ್ತು ಹೇಳಿದ ಮಾತು ಆ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತಿತ್ತು. "ಏನೂ ಇಲ್ಲದೆ ಇರೋ ಬದಲು ಇಷ್ಟಾದ್ರೂ ಹೊಟ್ಟೆಗೆ ಹೋಗ್ಲಿ ಬಿಡೋ."

ಹತ್ತು ಹನ್ನೆರಡು ದಿನಕ್ಕೆ ತಾತ ಮತ್ತೆ ಬಂದರು. ಕೆಮ್ಮು ಹಾಗೇ ಇತ್ತು. ಆದರೆ ಮುಖದಲ್ಲಿ ದೂರು ಇರಲಿಲ್ಲ. "ಅವತ್ ಕೊಟ್ಟಿದ್ದು ಚೆನ್ನಾಗ್ ಹಿಡೀತು ಕಣಪ್ಪ. ಎರಡೇ ದಿನುಕ್ಕೆ ಕಮ್ಮಿ ಆಯ್ತು. ಈಗ ತಿರುಗ ಬಂದೈತೆ. ಅದ್ನೇ ಕೊಡು." ನಾನು ಅದನ್ನೇ ಕತ್ತರಿಸಿದೆ. ಮತ್ತೆ ಆರು.

ಮೆಟ್ಟಿಲು ಕೊರೆದವರು

ಚಿಕ್ಕಪ್ಪನ ಆ ಮಾತು ಅನ್ನದ ಲೆಕ್ಕ. ಅನ್ನದ ಮಟ್ಟಿಗೆ ಅದು ಸರಿ. ಒಂದು ಮುದ್ದೆ ಉಣ್ಣೋ ಕಡೆ ಅರ್ಧ ಮುದ್ದೆ ಉಂಡರೆ ಅರ್ಧ ಹಸಿವಾದರೂ ಹೋಗುತ್ತದೆ. ನೋವಿನ ಮಾತ್ರೆಗೂ ಹೆಚ್ಚುಕಮ್ಮಿ ಹಾಗೇ. ಅರ್ಧ ಮಾತ್ರೆ, ಅರ್ಧ ನೋವು. ಆಂಟಿಬಯೋಟಿಕ್ಕಿಗೆ ಈ ಲೆಕ್ಕ ನಡೆಯಲ್ಲ ಅಂತ ನನಗೆ ಗೊತ್ತಾಗೋ ಹೊತ್ತಿಗೆ ಆ ಅಂಗಡಿ ಬಿಟ್ಟು ಎಷ್ಟೋ ವರ್ಷ ಆಗಿತ್ತು.

ಅಮಾಕ್ಸಿಸಿಲಿನ್ನನ್ನೇ ತಗೊಳ್ಳಿ. ನುಂಗಿದ ಮೇಲೆ ರಕ್ತದಲ್ಲಿ ಅದರ ಪ್ರಮಾಣ ಗಂಟೆ ಗಂಟೆಗೂ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಮೂರೊತ್ತು ಅಂತ ಬರೆಯೋದು ಅದಕ್ಕೇ. ಒಂದರ ಜೋರು ಇಳಿಯೋಷ್ಟರಲ್ಲಿ ಇನ್ನೊಂದು ಬೀಳಬೇಕು. ತಾತನ ಮಧ್ಯಾಹ್ನದ ಮಾತ್ರೆ ಕಿತ್ತುಹಾಕಿದಾಗ ನಾವು ಮಾತ್ರೆಯನ್ನಷ್ಟೇ ಕಮ್ಮಿ ಮಾಡಲಿಲ್ಲ, ಕ್ರಿಮಿಗಳಿಗೆ ಗಂಟೆಗಟ್ಟಲೆ ಬಿಡುವು ಕೊಟ್ಟೆವು. ಹೊಟ್ಟೆ ತುಂಬ ಆಹಾರ ಸಿಕ್ಕರೆ ಇ. ಕೋಲೈನಂಥ ಕ್ರಿಮಿ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ದೇಹದೊಳಗೆ ಇಷ್ಟು ಬಿರುಸು ಇರಲಿಕ್ಕಿಲ್ಲ, ಆದರೂ ಅಷ್ಟು ಗಂಟೆ ಅಂದರೆ ಅವಕ್ಕೆ ತಲೆಮಾರುಗಳೇ ಕಳೆದ ಹಾಗೆ.

ಮಧುಗಿರಿ ಬೆಟ್ಟ ನೋಡಿದವರಿಗೆ ಗೊತ್ತು, ಇಡೀ ಬೆಟ್ಟ ಒಂದೇ ಬಂಡೆ. ಅಂಗಡಿ ಬಾಗಿಲಲ್ಲಿ ನಿಂತರೆ ಎದುರಿಗೆ ಕಾಣುತ್ತಿತ್ತು. ಕೆಳಗಿಂದ ನೋಡಿದರೆ ಹಲ್ಲಿ ಬಿಟ್ಟು ಬೇರೆ ಯಾರೂ ಹತ್ತಲ್ಲ ಅನಿಸುತ್ತದೆ. ಆದರೂ ಜನ ಹತ್ತುತ್ತಾರೆ, ಯಾಕೆಂದರೆ ಎಷ್ಟೋ ಕಾಲದ ಹಿಂದೆ ಯಾರೋ ಕಡಿದಾದ ಕಡೆಯಲ್ಲೆಲ್ಲ ಕಾಲೂರುವಷ್ಟು ಮೆಟ್ಟಿಲು ಕೊರೆದಿದ್ದಾರೆ. 2016ರಲ್ಲಿ ಹಾರ್ವರ್ಡ್‌ನವರು ಮಾಡಿ ತೋರಿಸಿದ ಒಂದು ಪ್ರಯೋಗದ ವಿಡಿಯೋ ನೋಡಿದಾಗ ನನಗೆ ನೆನಪಾಗಿದ್ದು ಈ ಬೆಟ್ಟವೇ. ಎರಡು ಅಡಿಗೆ ನಾಲ್ಕು ಅಡಿಯ ದೊಡ್ಡ ತಟ್ಟೆ. ಎರಡೂ ತುದಿಯ ಪಟ್ಟಿಗಳಲ್ಲಿ ಔಷಧಿ ಇಲ್ಲ. ಆಮೇಲಿನ ಪಟ್ಟಿಯಲ್ಲಿ ಕ್ರಿಮಿ ಸಾಯುವುದಕ್ಕೆ ಬೇಕಾದಷ್ಟು ಮಾತ್ರ. ಮುಂದಿನದರಲ್ಲಿ ಅದರ 10 ಪಟ್ಟು, ಆಮೇಲೆ 100 ಪಟ್ಟು, ನಟ್ಟ ನಡುವೆ 1000 ಪಟ್ಟು. ತುದಿಯಲ್ಲಿ ಇ. ಕೋಲೈ ಬಿಟ್ಟರು. ಬೆಳ್ಳಗೆ ಹರಡಿಕೊಂಡು ಬಂದು ಮೊದಲ ಗೆರೆಯಲ್ಲಿ ನಿಂತುಬಿಟ್ಟಿತು. ಸ್ವಲ್ಪ ಹೊತ್ತಿಗೆ ಗೆರೆಯ ಎಲ್ಲೋ ಒಂದು ಕಡೆಯಿಂದ ಒಂದು ಬಿಳಿ ಚುಕ್ಕೆ ಆಚೆಗೆ ನುಗ್ಗಿ ಬೀಸಣಿಗೆ ಹಾಗೆ ಹರಡಿತು. ಮುಂದಿನ ಗೆರೆಯಲ್ಲೂ ಹಾಗೇ. ಸುಮಾರು 11 ದಿನಕ್ಕೆ ಸಾವಿರ ಪಟ್ಟಿನ ಜಾಗದಲ್ಲೂ ಬೆಳೆದು ಕೂತಿತ್ತು. ಮಧ್ಯದ ಪಟ್ಟಿಗಳಿಲ್ಲದೆ ಸೀದಾ ಜೋರಿನ ಔಷಧಿ ಎದುರಾದಾಗ ಮಾತ್ರ ಅದಕ್ಕೆ ದಾಟಲು ಆಗಲಿಲ್ಲ. ಬೆಟ್ಟವನ್ನು ಒಂದೇ ನೆಗೆತಕ್ಕೆ ಹತ್ತಲು ಆಗಲ್ಲ. ಮೆಟ್ಟಿಲಿದ್ದರೆ ಆಗುತ್ತದೆ.

ಕ್ರಿಮಿ ಕೂತು ಕಲಿಯುವುದಿಲ್ಲ. ಕೋಟಿಗಟ್ಟಲೆ ಇರುವಾಗ ಹುಟ್ಟುವಾಗಲೇ ಸ್ವಲ್ಪ ಬೇರೆ ಥರ ಇರೋವು ಒಂದಷ್ಟು ಇದ್ದೇ ಇರುತ್ತವೆ. ಔಷಧಿ ಜೋರಾಗಿದ್ದರೆ ಅರೆಬರೆ ಗಟ್ಟಿ ಇರೋವೂ ಉಳಿದವುಗಳ ಜೊತೆಗೇ ಹೋಗುತ್ತವೆ, ಮಿಕ್ಕಿದ್ದನ್ನು ದೇಹ ನೋಡಿಕೊಳ್ಳುತ್ತದೆ. ಔಷಧಿ ಅರೆಬರೆ ಇದ್ದರೆ ಬಡಪಾಯಿಗಳು ಸತ್ತು, ಗಟ್ಟಿಪಿಂಡಗಳಿಗೆ ಜಾಗ ಖಾಲಿಯಾಗುತ್ತದೆ. ತಾತನಿಗೆ ಎರಡು ದಿನಕ್ಕೆ ಕಮ್ಮಿ ಅನಿಸಿದ್ದು ಸುಳ್ಳಿರಲಿಕ್ಕಿಲ್ಲ. (ಅಥವಾ ಅದು ಆಂಟಿಬಯೋಟಿಕ್ಕೇ ಬೇಡದ, ತಾನಾಗಿ ಹೋಗಿ ತಾನಾಗಿ ಬರೋ ಕೆಮ್ಮೂ ಇರಬಹುದು. ಅದನ್ನು ನೋಡಿದವರು ಯಾರು?)

ಇನ್ನೊಂದು ವಿಷಯ ನನಗೆ ತೀರಾ ಈಚೆಗೆ ಹೊಳೆದದ್ದು. ಕೆಮ್ಮಿಗೆ ಅಂತ ನುಂಗಿದ ಮಾತ್ರೆ ಎದೆಗಷ್ಟೇ ಹೋಗುವುದಿಲ್ಲ. ಕರುಳಿನಲ್ಲಿ ತಮ್ಮ ಪಾಡಿಗೆ ತಾವಿದ್ದ ಇ. ಕೋಲೈಗಳಿಗೂ ತಾಗುತ್ತದೆ. ಅಲ್ಲೂ ಗಟ್ಟಿಯಾದವು ಉಳಿಯುತ್ತವೆ. ತಾವು ಉಳಿದ ಗುಟ್ಟನ್ನು ಅಕ್ಕಪಕ್ಕದ ಬೇರೆ ಜಾತಿಯ ಕ್ರಿಮಿಗಳಿಗೂ ದಾಟಿಸುತ್ತವೆ, ನಮ್ಮ ಕಡೆ ಪಕ್ಕದ ಮನೆಗೆ ಹೆಪ್ಪು ಕೊಡುವ ಹಾಗೆ. ಒಂದು ಚಮಚ ಹೆಪ್ಪು ಹೋದರೆ ಸಾಕು, ಅವರ ಪಾತ್ರೆಯ ಹಾಲೂ ಮೊಸರೇ. ಅಮ್ಮನ ರಿಪೋರ್ಟಿನ ಆ ಇ. ಕೋಲೈ ಯಾವ ಮನೆಯ ಹೆಪ್ಪಿನಿಂದ ಬಂತೋ.

ಮಾವನ ಉಷ್ಣ

ದುಡ್ಡಿಲ್ಲದೆ ಕಮ್ಮಿ ತಗೊಳ್ಳೋದು ಒಂದು ಥರ. ಪುಕ್ಕಟೆ ಸಿಕ್ಕರೂ ಕಮ್ಮಿ ತಗೊಳ್ಳೋದು ಇನ್ನೊಂದು ಥರ. ಶಿರಾ ಕಡೆಯ ನಮ್ಮ ಸೋದರಮಾವನಿಗೆ 2019ರಲ್ಲಿ ಟಿಬಿ ಬಂತು. ಕಡಲೆಕಾಯಿ ಮಿಲ್ಲಿನ ಧೂಳಿಗೆ ಕೆಮ್ಮು ಅಂತ ತಿಂಗಳುಗಟ್ಟಲೆ ತಳ್ಳಿ, ಸರ್ಕಾರಿ ಆಸ್ಪತ್ರೆಗೆ ಹೋಗುವಷ್ಟರಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು. ಕಫವನ್ನು ಸಿಬಿನಾಟ್ ಯಂತ್ರದಲ್ಲಿ ನೋಡಿದರು. ಟಿಬಿ ಇದೆ, ಆದರೆ ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಬಗ್ಗುತ್ತದೆ ಅಂತ ಬಂತು. ತೂಕ 52 ಕಿಲೋ. ನಾಲ್ಕು ಔಷಧಿ ಸೇರಿಸಿ ಮಾಡಿದ ಮಾತ್ರೆ, ದಿನಕ್ಕೆ ನಾಲ್ಕು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಾಲ್ಕೂ ಒಟ್ಟಿಗೆ. ಮಾತ್ರೆಯ ಲೆಕ್ಕ ಸುಮ್ನೆ ಹಾಕಿದ್ದಲ್ಲ, ತೂಕ ನೋಡಿ ಹಾಕಿದ್ದು: 35ರಿಂದ 49 ಕಿಲೋ ಇದ್ದರೆ ಮೂರು, 50ರಿಂದ 64ಕ್ಕೆ ನಾಲ್ಕು.

ಒಂದು ಭಾನುವಾರ ನೋಡಲು ಹೋಗಿದ್ದೆ. ಅತ್ತೆ ಕಾಫಿ ಇಡಲು ಒಳಗೆ ಹೋದ ತಕ್ಷಣ ಮಾವ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಹುಣಸೆ ಮರದ ಕೆಳಗೆ ನಿಂತು ದನಿ ತಗ್ಗಿಸಿ, "ನೀನು ಮೆಡಿಕಲ್‌ನಾಗೆ ಇದ್ದೋನು, ನಿಂಗೆ ತಿಳೀತದೆ ಅಂತ ಕೇಳ್ತೀನಿ. ಉಚ್ಚೆ ಕೆಂಪಗೆ ಹೋಗ್ತೈತೆ ಕಣೋ. ಕುಂಕುಮ ಕಲಸಿದಂಗೆ. ಇಷ್ಟು ಉಷ್ಣ ಮೈಗೆ ಆಗ್ತದಾ?" ಅಂದರು. ಅದು ರಿಫಾಂಪಿಸಿನ್ ಬಣ್ಣ ಮಾವ, ಎಲ್ಲರಿಗೂ ಹಾಗೇ ಹೋಗುತ್ತೆ, ಮಾತ್ರೆ ಮೈಗೆ ಸೇರ್ತಿದೆ ಅನ್ನೋ ಗುರುತು ಅದು ಅಂದೆ. ಅವರಿಗೆ ಸಮಾಧಾನ ಆದ ಹಾಗೆ ಕಂಡಿತು. ಆಮೇಲೆ ನಿಧಾನಕ್ಕೆ ಬಾಯಿ ಬಿಟ್ಟರು. ನಾಲ್ಕೂ ಒಟ್ಟಿಗೆ ನುಂಗಿದರೆ ಹೀಟಾಗುತ್ತೆ ಅಂತ ಮೊದಲ ವಾರದಿಂದಲೇ ಬೆಳಿಗ್ಗೆ ಎರಡು, ರಾತ್ರಿ ಊಟ ಆದ ಮೇಲೆ ಎರಡು ಮಾಡಿಕೊಂಡಿದ್ದರು. ಆಮೇಲೆ ರಾತ್ರಿಯದರಲ್ಲಿ ಒಂದು ಬಿಟ್ಟರು. ಕೆಲವು ದಿನ ಎರಡೂ. ಉಳಿದದ್ದನ್ನು ಅತ್ತೆಗೆ ಕಾಣದ ಹಾಗೆ ಬೀಡಿಕಟ್ಟಿನ ಜೊತೆ ಇಟ್ಟಿದ್ದರು. ಮಜ್ಜಿಗೆ, ಎಳನೀರು, ಸಬ್ಬಕ್ಕಿ ಗಂಜಿ ಮಾತ್ರ ತಪ್ಪಿಸುತ್ತಿರಲಿಲ್ಲ.

ಮಾತ್ರೆ ಹಂಚಿಕೊಂಡು ತಗೊಂಡರೆ ಒಟ್ಟು ಲೆಕ್ಕ ಒಂದೇ ಅಲ್ವಾ ಅಂತ ನನಗೂ ಆ ಕ್ಷಣ ಅನಿಸಿತು. ಅಲ್ಲ. ರಿಫಾಂಪಿಸಿನ್ ಕೆಲಸ ಮಾಡೋದು ರಕ್ತದಲ್ಲಿ ಒಮ್ಮೆಗೇ ಎತ್ತರಕ್ಕೆ ಏರಿದಾಗ. ಹೊಟ್ಟೆ ತುಂಬಿದ್ದರೆ ಅದು ಏರುವುದೇ ಕಮ್ಮಿ. ಮತ್ತೆ ನಾಲ್ಕು ಔಷಧಿ ಒಟ್ಟಿಗೆ ಇರೋದಕ್ಕೂ ಒಂದು ಲೆಕ್ಕ ಇದೆ. ಶ್ವಾಸಕೋಶದಲ್ಲಿ ಟಿಬಿಯಿಂದ ತೂತಾಗಿದ್ದರೆ ಅಲ್ಲಿ ಕೋಟಿಗಟ್ಟಲೆ ಕ್ರಿಮಿ. ಆ ನಾಲ್ಕರಲ್ಲಿ ಇನ್ನೊಂದಾದ ಐಸೋನಯಾಜಿಡ್‌ಗೆ ಬಗ್ಗದ್ದು ಸುಮಾರು ಹತ್ತು ಲಕ್ಷಕ್ಕೊಂದು ತಾನಾಗೇ ಹುಟ್ಟುತ್ತದೆ, ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು ಹತ್ತು ಕೋಟಿಗೊಂದು. ಎರಡಕ್ಕೂ ಬಗ್ಗದ್ದು ಒಂದೇ ಮೈಯಲ್ಲಿ ತಾನಾಗಿ ಹುಟ್ಟುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಒಂದರಿಂದ ತಪ್ಪಿಸಿಕೊಂಡದ್ದನ್ನು ಇನ್ನೊಂದು ಹಿಡಿಯಬೇಕು. ಯಾವುದೋ ಒಂದು ಸೊರಗಿದರೆ ಬೇಲಿಯಲ್ಲಿ ಸಂದು ಬಿತ್ತು ಅಂತಲೇ ಲೆಕ್ಕ.

ಎರಡು ತಿಂಗಳ ಕೊನೆಗೆ ಕಫದಲ್ಲಿ ಕ್ರಿಮಿ ಇನ್ನೂ ಇತ್ತು. ಮತ್ತೆ ಸಿಬಿನಾಟ್ ಮಾಡಿದರು. ಈ ಸಲ ರಿಫಾಂಪಿಸಿನ್‌ಗೆ ಬಗ್ಗಲ್ಲ ಅಂತ ಬಂತು. ಆರು ತಿಂಗಳಲ್ಲಿ ಮುಗಿಯಬೇಕಾದದ್ದು ಒಂದೂವರೆ ವರ್ಷ ದಾಟಿತು. ದಿನಕ್ಕೆ ಮುಷ್ಟಿ ತುಂಬ ಮಾತ್ರೆ, ಕಾಲು ಜೋಮು, ಮೈಬಣ್ಣ ಕಪ್ಪಾಗಿ ಊರಲ್ಲಿ ಗುರುತು ಸಿಗದ ಹಾಗಾದರು. ಉಷ್ಣಕ್ಕೆ ಹೆದರಿದ ಮನುಷ್ಯ ಅದನ್ನೆಲ್ಲ ತುಟಿಪಿಟಕ್ ಅನ್ನದೆ ನುಂಗಿದರು. ವಾಸಿಯಾದರು, ಈಗಲೂ ಇದ್ದಾರೆ. ಅವರು ಮಾತ್ರೆ ಬಿಟ್ಟಿದ್ದಕ್ಕೇ ಹೀಗಾಯಿತಾ, ಇಲ್ಲ ಮೊದಲೇ ಒಳಗೆ ಎರಡು ಥರದ ಕ್ರಿಮಿ ಸೇರಿತ್ತಾ ಅಂತ ಆಸ್ಪತ್ರೆಯ ಡಾಕ್ಟರನ್ನು ಕೇಳಿದ್ದೆ. ಎರಡೂ ಆಗಿರಬಹುದು, ಒಬ್ಬರ ವಿಷಯದಲ್ಲಿ ಖಂಡಿತ ಹೀಗೇ ಅಂತ ಹೇಳಲು ಆಗಲ್ಲ ಅಂದರು. ಮಾವ ಮಾತ್ರ ಆ ಬೀಡಿಕಟ್ಟಿನ ವಿಷಯವನ್ನು ಅತ್ತೆಗೆ ಇವತ್ತಿಗೂ ಹೇಳಿಲ್ಲ.

ಟಿಬಿಗೂ ನಮ್ಮ ಜಿಲ್ಲೆಗೂ ಹಳೇ ನಂಟು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾದ ಮೇಲೆ ಅವರು ಹಳ್ಳಿ ಹಳ್ಳಿ ತಿರುಗಿ ಮೊದಮೊದಲು ಸರ್ವೆ ಮಾಡಿದ್ದು ತುಮಕೂರು ಜಿಲ್ಲೆಯಲ್ಲಿ. ಆಗ ಸಿಕ್ಕ ರೋಗಿಗಳನ್ನು ಮಾತಾಡಿಸಿ ಬ್ಯಾನರ್ಜಿ ಮತ್ತು ಆಂಡರ್ಸನ್ ಅನ್ನುವವರು 1963ರಲ್ಲಿ ಒಂದು ವರದಿ ಬರೆದರು. ಹಳ್ಳಿಯವರು ಕಾಯಿಲೆ ಮುಚ್ಚಿಟ್ಟುಕೊಂಡು ಕೂರುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದ ಕಾಲ. ಆದರೆ ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಅರ್ಧದಷ್ಟು ಜನ ತಾವಾಗೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅವರಲ್ಲಿ ಹೆಚ್ಚಿನವರಿಗೆ ಅಲ್ಲಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ನನಗೆ ಇದು ಯಾಕೋ ಮರೆಯಲು ಆಗುವುದಿಲ್ಲ. ಬಸ್ ಚಾರ್ಜು ಹೊಂದಿಸಿಕೊಂಡು ಬಂದವರ ಕೈಗೆ ಬಾಟಲಿ ಕೊಟ್ಟು ಕಳಿಸಿ, ಆಮೇಲೆ ಜನಕ್ಕೆ ತಿಳುವಳಿಕೆ ಇಲ್ಲ ಅನ್ನೋದು.

ತಿಳುವಳಿಕೆ ಇಲ್ಲದವರು ಯಾರು

ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ಡಿಸೆಂಬರ್ 11ರಂದು ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಭಾಷಣ ಮಾಡಿದರು. ಮುಗಿಸುವ ಮುಂಚೆ ಒಂದು ಕಟ್ಟುಕತೆ ಹೇಳಿದರು. ಒಬ್ಬನಿಗೆ ಗಂಟಲು ನೋವು. ತಾನೇ ಪೆನ್ಸಿಲಿನ್ ಕೊಂಡು ತಗೊಳ್ಳುತ್ತಾನೆ. ಕ್ರಿಮಿ ಸಾಯೋಷ್ಟು ತಗೊಳ್ಳಲ್ಲ, ಪಳಗೋಷ್ಟು ತಗೊಳ್ಳುತ್ತಾನೆ. ಅದು ಹೆಂಡತಿಗೆ ಅಂಟಿ ನ್ಯುಮೋನಿಯಾ ಆಗುತ್ತದೆ. ಅವಳಿಗೆ ಪೆನ್ಸಿಲಿನ್ ಹಿಡಿಯುವುದಿಲ್ಲ, ಸಾಯುತ್ತಾಳೆ. ತಪ್ಪು ಗಂಡನದು ಅಂತ ಕತೆ ನಿಲ್ಲುತ್ತದೆ. ಪೆನ್ಸಿಲಿನ್ ಅಂಗಡಿಗೆ ಬರುವ ಹೊತ್ತಿಗೇ ಅಷ್ಟು ಮುಂದಕ್ಕೆ ಕಂಡವರು, ದೊಡ್ಡವರೇ. ಆದರೂ ಕತೆ ಓದುವಾಗೆಲ್ಲ ನನಗೆ ಒಂದು ತಕರಾರು. ಆ ಗಂಡನ ಜೇಬಿನಲ್ಲಿ ಎಷ್ಟಿತ್ತು? ಕೌಂಟರಿನ ಆ ಕಡೆ ಕತ್ತರಿ ಹಿಡಿದು ನಿಂತಿದ್ದವನು ಯಾರು? ಕತೆಯಲ್ಲಿ ಅವನು ಬರುವುದೇ ಇಲ್ಲ.

ನಮ್ಮ ಮನೆಯಲ್ಲೂ ಓದಿದವರಿಗೆ ಕಮ್ಮಿ ಇಲ್ಲ. ಮಗಳು ಚಿಕ್ಕವಳಿದ್ದಾಗ ಕಿವಿ ನೋವಿಗೆ ಡ್ರೈ ಸಿರಪ್ ಕೊಟ್ಟಿದ್ದರು, ಪುಡಿಗೆ ಕಾಯಿಸಿ ಆರಿಸಿದ ನೀರು ಗೆರೆವರೆಗೆ ಹಾಕಿ ಕುಲುಕಬೇಕಲ್ಲ, ಅದು. ಒಂದು ಸಲಕ್ಕೆ 5 ಎಂಎಲ್. ಅಳತೆಯ ಮುಚ್ಚಳ ಎಲ್ಲೋ ಕಳೆದಿತ್ತು. ಅಮ್ಮ ಒಳಲೆ ತೆಗೆದುಕೊಂಡರು. ನನಗೆ, ನಮ್ಮಪ್ಪನಿಗೆ ಎಲ್ಲ ಔಷಧಿ ಕುಡಿಸಿದ ಹಿತ್ತಾಳೆ ಒಳಲೆ. "ಪಾಪ, ಇಷ್ಟುದ್ದ ಮಗೂಗೆ ಅಷ್ಟೊಂದು ಯಾಕೆ" ಅಂತ ತೀರ್ಥ ಕೊಟ್ಟ ಹಾಗೆ ತಳದಲ್ಲಿ ಒಂದಿಷ್ಟು ಬಿಟ್ಟುಕೊಂಡು ಕುಡಿಸಿದರು. ಬಾಟಲಿ ಕುಲುಕದೇ ಇದ್ದರೆ ಮೇಲಿನದು ನೀರು, ಔಷಧಿಯೆಲ್ಲ ತಳದಲ್ಲಿ. ನಾನು ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದೆ.

ಇದರ ಇನ್ನೊಂದು ಮಗ್ಗಲೂ ಇದೆ. ಜಾಸ್ತಿ ದಿನ ತಗೊಂಡಷ್ಟೂ ಒಳ್ಳೇದು ಅನ್ನೋದನ್ನು ಡಾಕ್ಟರುಗಳೇ ಈಗ ಪ್ರಶ್ನೆ ಮಾಡುತ್ತಿದ್ದಾರೆ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ಆಯಿತು. ಬೇಡದ ದಿನಗಳೂ ಕರುಳಿನ ಕ್ರಿಮಿಗಳನ್ನು ಗಟ್ಟಿ ಮಾಡುತ್ತವೆ. ಎಷ್ಟೋ ಸೋಂಕಿಗೆ ಮೊದಲು ಬರೆಯುತ್ತಿದ್ದದ್ದಕ್ಕಿಂತ ಕಮ್ಮಿ ದಿನ ಸಾಕು. ಟಿಬಿಗೆ ಮಾತ್ರ ಈ ಮಾತು ಹಾಕುವ ಹಾಗಿಲ್ಲ. ಆದರೆ ಕಮ್ಮಿ ದಿನ ಬೇರೆ, ಕಮ್ಮಿ ಜೋರು ಬೇರೆ. ಇದ್ದಷ್ಟು ದಿನ ಪೂರ್ತಿ ಜೋರಿನಲ್ಲಿ ಇರಬೇಕು. ದಿನ ಎಷ್ಟು ಅನ್ನೋದನ್ನು ಬರೆದುಕೊಟ್ಟವರು ಹೇಳಬೇಕು, ಜೇಬು ಹೇಳಬಾರದು, ಉಷ್ಣ ಹೇಳಬಾರದು. ಈಗ ಆಂಟಿಬಯೋಟಿಕ್ ಶೀಟಿನ ಮೇಲೆ ಕೆಂಪು ಗೆರೆ ಇರುತ್ತದೆ, ಚೀಟಿ ಇಲ್ಲದೆ ಕೊಡಬೇಡಿ ಅಂತ. ಒಳ್ಳೇದೇ. ಆದರೆ ಚೀಟಿಯಲ್ಲಿ ಹದಿನೈದು ಇದ್ದು ಆರು ಕೇಳಿದವರಿಗೆ ಏನು ಹೇಳಬೇಕು ಅಂತ ಆ ಗೆರೆಯಲ್ಲಿ ಬರೆದಿಲ್ಲ.

ಹತ್ತು ಮಾತ್ರೆ

ಅಮ್ಮನಿಗೆ ಕೊನೆಗೆ ಡಾಕ್ಟರ್ ಬರೆದದ್ದು ಅದೇ ಎಸ್ ಬಿದ್ದಿದ್ದ ನೈಟ್ರೋಫ್ಯುರಾಂಟಾಯಿನ್. ಊಟ ಆದ ಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು, ಐದು ದಿನ. ಸರಿಯಾಗಿ ಹತ್ತರ ಒಂದು ಶೀಟು. ಕತ್ತರಿಸದ ಶೀಟು ಕೈಯಲ್ಲಿ ಹಿಡಿದಾಗ ಏನೋ ಒಂದು ಥರ ಆಯಿತು. ಈ ಸಲ ನಾನೇ ನಿಂತು ಕೊಡುತ್ತೀನಿ ಅಂತ ನಿರ್ಧಾರ ಮಾಡಿದೆ. ಮೂರು ದಿನ ಹಾಗೇ ಮಾಡಿದೆ. ಮೂರನೇ ದಿನಕ್ಕೆ ಉರಿ ಪೂರ್ತಿ ಹೋಯಿತು ಅಂದರು. ನಾಲ್ಕನೇ ದಿನ ನಾನು ಆಫೀಸ್ ಕೆಲಸಕ್ಕೆ ತಿಪಟೂರಿಗೆ ಹೋಗಬೇಕಾಯಿತು. ಹೋಗುವಾಗ, ಬರುವಾಗ ಫೋನ್ ಮಾಡಿ ಕೇಳಿದೆ. "ತಗೊಂಡೆ ಕಣೋ, ಎಷ್ಟು ಸಲ ಕೇಳ್ತೀಯ" ಅಂದರು.

ಐದನೇ ದಿನ ರಾತ್ರಿ ಶೀಟು ಖಾಲಿ ಅಂತ ತೋರಿಸಿದರು. ಆದರೆ ಅದು ಸಣ್ಣದಾಗಿತ್ತು. ಒಂದು ಕಡೆ ನೀಟಾಗಿ ಕತ್ತರಿಸಿದ್ದರು. ಈ ಕೆಲಸ ಮಾಡಿ ಕೈ ಪಳಗಿದವನಿಗೆ ತುಂಡು ನೋಡಿದರೆ ಗೊತ್ತಾಗದೇ ಇರುತ್ತಾ? ಎರಡು ಕಮ್ಮಿ. ಕೇಳಿದೆ. ಮೊದಲು ಮಾತು ಹಾರಿಸಿದರು. ಆಮೇಲೆ ಅಡುಗೆಮನೆಗೆ ಹೋಗಿ ಸಾಸಿವೆ ಡಬ್ಬಿಯ ಹಿಂದಿನಿಂದ ಪೇಪರಿನ ಪೊಟ್ಟಣ ತಂದು ಮೇಜಿನ ಮೇಲೆ ಇಟ್ಟರು.

"ನಂಗೆ ವಾಸಿ ಆಯ್ತಲ್ಲ. ಮನೆಗೆಲಸಕ್ಕೆ ಬರ್ತಾಳಲ್ಲ, ಅವಳಿಗೂ ಎರಡು ದಿನದಿಂದ ಹಿಂಗೇ ಉರಿಯಂತೆ. ಪಾಪ, ಡಾಕ್ಟರ್ ಹತ್ರ ಹೋದ್ರೆ ಒಂದು ದಿನದ ಕೂಲಿ ಹೋಗುತ್ತೆ. ಇಷ್ಟಾದ್ರೂ ಆಗ್ಲಿ ಅಂತ ಇಟ್ಟಿದ್ದೆ."